ಜಡಿಮಳೆಯಲ್ಲಿ ಸೊಪ್ಪಿನ ಡಿನ್ನರ್ ರೋಲ್ ಕೈಕೊಟ್ಟರೆ: ಕೊಡಗಿನ ಅಡುಗೆಮನೆಗೊಂದು ದೋಷ ನಿವಾರಣೆ ಕೈಪಿಡಿ

ಡಿನ್ನರ್ ರೋಲ್, ಅಂದರೆ ಊಟದ ಜೊತೆ ತಿನ್ನುವ ಪುಟ್ಟ ಮೆತ್ತನೆಯ ಬನ್, ಕಲ್ಲಾಯಿತೋ, ಎಲ್ಲರೂ ಮೊದಲು ಬೈಯುವುದು ಯೀಸ್ಟನ್ನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಅಡುಗೆಮನೆಗಳಲ್ಲಿ ಪಾಪದ ಯೀಸ್ಟ್ ಬಹಳ ಸಲ ನಿರಪರಾಧಿ. ತಣ್ಣಗೆ ಕೂತ ಹಿಟ್ಟು, ಸೊಪ್ಪಿನ ಜೊತೆ ಕದ್ದು ಒಳಬಂದ ನೀರು, ವೋಲ್ಟೇಜ್ ಇಲ್ಲದೆ ಸೊರಗಿದ ಓವನ್: ಮೊದಲು ಈ ಮೂರನ್ನು ಪರೀಕ್ಷಿಸಿ, ಆಮೇಲೆ ಪ್ಯಾಕೆಟ್ ಎಸೆಯುವ ಮಾತು.

ಕೆಟ್ಟ ರೋಲನ್ನೂ ಹಾಗೇ ಎಸೆಯಬೇಡಿ. ಪೂರ್ತಿ ಆರಿದ ಮೇಲೆ ಹಲ್ಲಿರುವ ಚಾಕುವಿನಿಂದ ನೆತ್ತಿಯಿಂದ ತಳದವರೆಗೆ ಸೀಳಿ, ಬೆಳಕಿಗೆ ಹಿಡಿದು ನೋಡಿ. ಒಳಗೆಲ್ಲ ಒತ್ತೊತ್ತಾದ ಸಣ್ಣ ರಂಧ್ರ, ಕೈಗೆ ಭಾರ ಅನ್ನಿಸಿದರೆ ಹಿಟ್ಟು ಸಾಕಷ್ಟು ಉಬ್ಬಿಲ್ಲ. ರಂಧ್ರಗಳು ದೊಡ್ಡವು, ಅಡ್ಡಾದಿಡ್ಡಿ, ನೆತ್ತಿ ತಗ್ಗಿದೆ, ಹುಳಿ ವಾಸನೆ ಇದೆ ಎಂದರೆ ಅತಿಯಾಗಿ ಉಬ್ಬಿದೆ. ಮೇಲ್ಭಾಗ ಚೆನ್ನಾಗಿದ್ದು ತಳದಲ್ಲಿ ಬೆರಳು ದಪ್ಪದ ಅಂಟು ಪಟ್ಟಿ ಕಂಡರೆ ಅದು ಓವನ್ನಿನ ಕೆಳಗಿನ ಕಾಯಿಲೆ. ಎಲೆಯ ಚೂರಿನ ಸುತ್ತ ಮಾತ್ರ ಒದ್ದೆ ಹಸಿರು ಬಳೆ ಕಂಡರೆ ತಪ್ಪು ಸೊಪ್ಪಿನದು. ಒಂದೇ ರೋಲಿನಲ್ಲಿ ಎರಡು ದೋಷ ಸೇರಿರುವುದೂ ಉಂಟು. ಆಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಯೀಸ್ಟ್, ಹಾಲು, ಸಮಯ ಎಲ್ಲವನ್ನೂ ಒಟ್ಟಿಗೆ ತಿದ್ದಿದರೆ ಮುಂದಿನ ಸಲ ಸರಿಯಾದರೂ ಯಾಕೆ ಸರಿಯಾಯಿತು ಎಂದು ತಿಳಿಯುವುದಿಲ್ಲ.

ಹೋಲಿಸಿ ನೋಡಲು ಒಂದು ಅಳತೆ

ಮುಂದೆ ಹೇಳುವುದೆಲ್ಲ ಈ ಅಳತೆಗೆ: ಮೈದಾ 300 ಗ್ರಾಂ, ಕಾಯಿಸಿ ಆರಿಸಿದ ಹಾಲು 190 ಮಿಲಿ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಸಕ್ಕರೆ 20 ಗ್ರಾಂ, ಉಪ್ಪು 5 ಗ್ರಾಂ, ಬೆಣ್ಣೆ 35 ಗ್ರಾಂ, ನೀರಾರಿಸಿ ಹೆಚ್ಚಿದ ಸೊಪ್ಪು 12ರಿಂದ 15 ಗ್ರಾಂ, ಬೆಳ್ಳುಳ್ಳಿ ಮೂರು ಎಸಳು, ತರಿಯಾಗಿ ಕುಟ್ಟಿದ ಕರಿಮೆಣಸು ಅರ್ಧ ಟೀ ಚಮಚ. 60 ಗ್ರಾಂ ಮೇಲ್ಪಟ್ಟು ತೂಗುವ ಒಂಬತ್ತು ಉಂಡೆ ಆಗುತ್ತದೆ. 8 ಇಂಚಿನ ಚೌಕ ಟ್ರೇಯಲ್ಲಿ ಮೂರು ಸಾಲು, ಸಾಲಿಗೆ ಮೂರು. 180 ಡಿಗ್ರಿಯಲ್ಲಿ 20ರಿಂದ 22 ನಿಮಿಷ.

ದಪ್ಪ ಕಾಳಿನ ಆಕ್ಟಿವ್ ಡ್ರೈ ಯೀಸ್ಟ್ ಇದ್ದರೆ 6 ಗ್ರಾಂ ಹಾಕಿ, ಮೊದಲು ಬೆಚ್ಚಗಿನ ಹಾಲಿನಲ್ಲಿ ನೆನೆಸಬೇಕು. ಪರಿಚಯದ ಬೇಕರಿಯವರಿಂದ ಹಸಿ ಯೀಸ್ಟ್ ಗಡ್ಡೆ ತಂದಿದ್ದರೆ 15 ಗ್ರಾಂ. ಬೆಣ್ಣೆ ಉಪ್ಪಿನದಾದರೆ ಉಪ್ಪನ್ನು ಒಂದು ಚಿಟಿಕೆ ಕಮ್ಮಿ ಮಾಡಿ. ಪಂದಿ ಕರಿ ಜೊತೆ ಬಡಿಸುವ ರೋಲ್ ಆದರಂತೂ ಉಪ್ಪು ಮುಂದೆ ಬರಬಾರದು, ಸಾರಿನಲ್ಲೇ ಅದು ಬೇಕಾದಷ್ಟಿರುತ್ತದೆ. ಕಪ್ ಲೆಕ್ಕ ಬಿಟ್ಟು ತೂಕದ ಯಂತ್ರ ಇಟ್ಟುಕೊಳ್ಳಿ. ಸಡಿಲವಾಗಿ ತುಂಬಿದ ಒಂದು ಕಪ್ ಮೈದಾಕ್ಕೂ ಒತ್ತಿ ತುಂಬಿದ ಕಪ್ಪಿಗೂ 30 ಗ್ರಾಂ ವ್ಯತ್ಯಾಸ ಸಲೀಸಾಗಿ ಬರುತ್ತದೆ. ಅಷ್ಟರಲ್ಲೇ ಹಿಟ್ಟಿನ ಹದ ತಪ್ಪುತ್ತದೆ.

ಹಿಟ್ಟು ಉಬ್ಬಲೇ ಇಲ್ಲ

ಮೊದಲು ಯೀಸ್ಟಿನ ಹಣೆಬರಹ ನೋಡಿಬಿಡಿ. ಅರ್ಧ ಲೋಟ ಬೆಚ್ಚಗಿನ ನೀರು, ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್. ಹತ್ತು ನಿಮಿಷದಲ್ಲಿ ಬೆರಳು ದಪ್ಪ ನೊರೆ ಬಂದರೆ ಅದು ಜೀವಂತ ಇದೆ, ಪ್ರಕರಣ ಬೇರೆ ಕಡೆ ಹುಡುಕಬೇಕು. ನೊರೆಯೇ ಇಲ್ಲದಿದ್ದರೆ ಪ್ಯಾಕೆಟ್ ಹಳತು, ಇಲ್ಲವೇ ತೇವ ಹಿಡಿದದ್ದು. ಬಾಯಿ ಮಡಚಿ ರಬ್ಬರ್ ಹಾಕಿ ಶೆಲ್ಫಿನಲ್ಲಿಟ್ಟ ಯೀಸ್ಟ್ ನಮ್ಮ ಮಳೆಗಾಲ ದಾಟುವುದು ಕಷ್ಟ. ಗಾಳಿ ಹೋಗದ ಗಾಜಿನ ಬಾಟಲಿಗೆ ಸುರಿದು ಫ್ರಿಜ್ಜಿನಲ್ಲಿಡಿ. ಮೂರ್ನಾಲ್ಕು ತಿಂಗಳು ತೊಂದರೆಯಿಲ್ಲ.

ಪರೀಕ್ಷೆಯ ನೀರು ಎಷ್ಟು ಬಿಸಿ? 38 ಡಿಗ್ರಿ ಆಸುಪಾಸು. ಥರ್ಮಾಮೀಟರ್ ಇಲ್ಲದಿದ್ದರೆ ಕುದಿಯುವ ನೀರು ಒಂದು ಪಾಲು, ನಲ್ಲಿ ನೀರು ಮೂರು ಪಾಲು ಬೆರೆಸಿ. ಮಡಿಕೇರಿ ಸಮುದ್ರ ಮಟ್ಟದಿಂದ ಹೆಚ್ಚುಕಮ್ಮಿ 1,150 ಮೀಟರ್ ಎತ್ತರದಲ್ಲಿದೆ, ನೀರು ಅಲ್ಲಿ 96 ಡಿಗ್ರಿಗೇ ಕುದಿಯುತ್ತದೆ. ಮಳೆಗಾಲದ ನಲ್ಲಿ ನೀರು 19 ಡಿಗ್ರಿ ಎಂದಿಟ್ಟುಕೊಂಡರೆ ಒಂದಕ್ಕೆ ಮೂರರ ಲೆಕ್ಕ 38ಕ್ಕೆ ಬಂದು ನಿಲ್ಲುತ್ತದೆ. ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟರೆ ಹಿತವಾಗಿರಬೇಕು, ಚುರುಕ್ ಅನ್ನಬಾರದು.

ಚುರುಕ್ ಅಂದರೆ ಏನಾಗುತ್ತದೆ ಎಂಬುದೇ ಎರಡನೇ ಕಾರಣ. 55 ಡಿಗ್ರಿ ದಾಟಿದಲ್ಲಿ ಯೀಸ್ಟ್ ಸಾಯತೊಡಗುತ್ತದೆ. ಹಾಲು ಕಾಯಿಸುವುದು ಒಳ್ಳೆಯದೇ. ಹಸಿ ಹಾಲಿನ ಕೆಲವು ಪ್ರೊಟೀನ್‌ಗಳು ಹಿಟ್ಟನ್ನು ಸಡಿಲ ಮಾಡುತ್ತವೆ, ಕಾಯಿಸಿದರೆ ಆ ಕಾಟ ತಪ್ಪುತ್ತದೆ. ಆದರೆ ಒಲೆಯಿಂದಿಳಿಸಿದ ಪಾತ್ರೆಯ ಮೇಲ್ಮೈ ಆರಿದಂತೆ ಕಂಡರೂ ಕೆನೆಯ ಕೆಳಗೆ ಹಾಲು ಸುಡುತ್ತಲೇ ಇರುತ್ತದೆ. ಕೆನೆ ಸರಿಸಿ, ಚಮಚದಿಂದ ತಳದವರೆಗೆ ಕಲಕಿ, ಆಮೇಲೆ ಬಿಸಿ ನೋಡಿ.

ನೊರೆ ಬಂತು, ಹಾಲೂ ಸರಿಯಿತ್ತು, ಆದರೂ ಹಿಟ್ಟು ಮಲಗಿದೆ ಎಂದರೆ ಅದು ಚಳಿ. ಕೊಡಗಿನ ಉಬ್ಬದ ಹಿಟ್ಟುಗಳಲ್ಲಿ ಬಹುಪಾಲು ಈ ಜಾತಿಯವು. ನಾದಿ ಮುಗಿಸಿದಾಗ ಹಿಟ್ಟಿನ ಒಳಗಿನ ಉಷ್ಣತೆ 26–27 ಡಿಗ್ರಿ ಇರಬೇಕು. ಜುಲೈಯಲ್ಲಿ ಮಡಿಕೇರಿಯ ಅಡುಗೆಮನೆ 18–20ರಲ್ಲಿ ಇರುವಾಗ ಡಬ್ಬದ ಮೈದಾವೂ ಅಷ್ಟೇ ತಣ್ಣಗಿರುತ್ತದೆ. ಹಾಲನ್ನು 38–40ರಲ್ಲಿ ಬೆರೆಸಿದರೂ ಗ್ರಾನೈಟ್ ಕಟ್ಟೆಯ ಮೇಲೆ ಹತ್ತು ನಿಮಿಷ ನಾದಿದರೆ ಆ ಕಲ್ಲು ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಮರದ ಹಲಗೆಯ ಮೇಲೆ ನಾದಿ. ಇಷ್ಟೇ ಬದಲಾವಣೆಗೆ ಹಿಟ್ಟು ಎಚ್ಚೆತ್ತದ್ದುಂಟು.

27ರಲ್ಲಿ ಒಂದು ಗಂಟೆಗೆ ದುಪ್ಪಟ್ಟಾಗುವ ಹಿಟ್ಟಿಗೆ 18ರಲ್ಲಿ ಎರಡು, ಎರಡೂವರೆ ಗಂಟೆ ಬೇಕು. ಆದ್ದರಿಂದ ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಅದಕ್ಕೊಂದು ಸುಲಭ ಉಪಾಯ ಸಾಕ್ಷಿ ಲೋಟ. ನಾದಿದ ಹಿಟ್ಟಿನಿಂದ ನೆಲ್ಲಿಕಾಯಿ ಗಾತ್ರದ ತುಂಡು ತೆಗೆದು, ನೇರ ಗೋಡೆಯ ಸಣ್ಣ ಗಾಜಿನ ಲೋಟದ ತಳಕ್ಕೆ ಒತ್ತಿ ಮಟ್ಟ ಮಾಡಿ. ಹಿಟ್ಟು ಎಲ್ಲಿಗೆ ಬಂದಿದೆಯೋ ಅಲ್ಲಿಗೊಂದು ರಬ್ಬರ್ ಬ್ಯಾಂಡ್, ಅದರ ಎರಡರಷ್ಟು ಎತ್ತರಕ್ಕೆ ಇನ್ನೊಂದು. ಈ ಲೋಟವನ್ನು ಹಿಟ್ಟಿನ ಪಾತ್ರೆಯ ಪಕ್ಕದಲ್ಲೇ ಮುಚ್ಚಿಡಿ. ಬುಡ ಕಿರಿದು ಬಾಯಿ ಅಗಲದ ಬೋಗುಣಿಯಲ್ಲಿ ದುಪ್ಪಟ್ಟು ಆಯಿತೋ ಇಲ್ಲವೋ ಎಂದು ಕಣ್ಣಂದಾಜಿಗೆ ಸಿಗುವುದಿಲ್ಲ. ಲೋಟ ಸುಳ್ಳು ಹೇಳುವುದಿಲ್ಲ.

ಬೆಚ್ಚಗಿನ ಜಾಗಕ್ಕೆ ದೂರ ಹೋಗಬೇಕಿಲ್ಲ. ಆಫ್ ಆಗಿರುವ ಓವನ್ ಒಳಗೆ ಕುದಿ ನೀರಿನ ಬಟ್ಟಲಿಟ್ಟು, ಪಕ್ಕದಲ್ಲಿ ಹಿಟ್ಟಿಟ್ಟು ಬಾಗಿಲು ಹಾಕಿ. ಮುಕ್ಕಾಲು ಗಂಟೆಗೊಮ್ಮೆ ನೀರು ಬದಲಿಸಿ. ಹಂಡೆ ಒಲೆ ಇರುವ ಬಚ್ಚಲಮನೆಯೂ ಒಳ್ಳೆಯ ಜಾಗ, ಆದರೆ ಒಲೆಯಿಂದ ನಾಲ್ಕು ಅಡಿ ದೂರ ಇರಲಿ, ಬಿಗಿ ಮುಚ್ಚಳ ಇರಲಿ. ಬಟ್ಟೆ ಮುಚ್ಚಿದರೆ ಹೊಗೆ ವಾಸನೆ ಹಿಡಿಯುತ್ತದೆ. ಒಲೆಗೆ ಅಂಟಿಸಿಟ್ಟರೆ ಒಂದು ಬದಿ ಕುದಿದು ಇನ್ನೊಂದು ಬದಿ ಹಾಗೇ ಉಳಿಯುತ್ತದೆ. ಬೇಗ ಆಗಲಿ ಎಂದು ಯೀಸ್ಟ್ ಎರಡರಷ್ಟು ಸುರಿಯುವವರಿದ್ದಾರೆ. ಹಿಟ್ಟು ಏಳುತ್ತದೆ ನಿಜ, ಆದರೆ ಬಾಯಿಗಿಟ್ಟರೆ ಯೀಸ್ಟಿನದೇ ಘಾಟು. ಸೊಪ್ಪು ಹಾಕಿದ್ದು ಯಾರಿಗೂ ತಿಳಿಯುವುದಿಲ್ಲ.

ಹಿಟ್ಟು ಕೈಗೆ ಮೆತ್ತುತ್ತದೆ, ಉಂಡೆ ಕಟ್ಟಿದರೆ ಹರಡುತ್ತದೆ

ಸೊಪ್ಪಿನ ರೋಲಿಗೇ ಮೀಸಲಾದ ಕಾಯಿಲೆ ಇದು. ಮೊದಲು ಚೆನ್ನಾಗಿದ್ದ ಹಿಟ್ಟು ಸೊಪ್ಪು ಹಾಕಿದ ಅರ್ಧ ಗಂಟೆಗೆ ನೀರಾಯಿತು ಎಂದರೆ ಬೇರೆ ಸಾಕ್ಷಿ ಬೇಕಿಲ್ಲ. ಕೊತ್ತಂಬರಿ ಸೊಪ್ಪಿನ ತೂಕದಲ್ಲಿ ಹತ್ತಿರಹತ್ತಿರ ಹತ್ತರಲ್ಲಿ ಒಂಬತ್ತು ಪಾಲು ನೀರು. ಹೆಚ್ಚಿದಾಗ ಎಲೆ ಒಡೆಯುತ್ತದೆ, ಹಿಟ್ಟಿನ ಉಪ್ಪು ಆ ನೀರನ್ನು ಹೊರಗೆಳೆಯುತ್ತದೆ. ಅದರ ಮೇಲೆ ತೊಳೆದ ನೀರು ಬೇರೆ. ಒಮ್ಮೆ ತೂಗಿ ನೋಡಿ: ತೊಳೆದು ಕೊಡವಿದ ಒಂದು ಹಿಡಿ ಕೊತ್ತಂಬರಿಯ ತೂಕ ಬರೆದುಕೊಳ್ಳಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಮೆಲ್ಲಗೆ ಒತ್ತಿ, ಹರಡಿ, ಫ್ಯಾನ್ ಕೆಳಗೆ ಅರ್ಧ ಗಂಟೆ ಬಿಟ್ಟು ಮತ್ತೆ ತೂಗಿ. ಕಮ್ಮಿಯಾದ ಅಷ್ಟೂ ಗ್ರಾಂ ನಿಮ್ಮ ಹಿಟ್ಟಿಗೆ ಲೆಕ್ಕವಿಲ್ಲದೆ ಹೋಗುತ್ತಿದ್ದ ನೀರು.

ಮೈದಾ ಕೂಡ ಸುಮ್ಮನಿರುವುದಿಲ್ಲ. ಮಳೆಗಾಲದ ಗಾಳಿಯಲ್ಲಿ ಅದರ ತೇವಾಂಶ ಶೇಕಡ 12ರಿಂದ 14ಕ್ಕೆ ಏರಿದರೆ 300 ಗ್ರಾಂ ಹಿಟ್ಟಿನಲ್ಲಿ 6 ಗ್ರಾಂ ನೀರು ಹೆಚ್ಚಾದಂತೆ. ಕುಶಾಲನಗರದ ಕಡೆ ಮಳೆ ಕಮ್ಮಿ, ಭಾಗಮಂಡಲದ ಕಡೆ ಆಕಾಶವೇ ಇಳಿದಂತೆ. ಒಂದೇ ಅಳತೆ ಎರಡು ಊರಲ್ಲಿ ಒಂದೇ ಹದಕ್ಕೆ ಬರುವುದಿಲ್ಲ. ಅದಕ್ಕೇ 190 ಮಿಲಿ ಹಾಲನ್ನು ಒಟ್ಟಿಗೆ ಸುರಿಯಬೇಡಿ. 170 ಹಾಕಿ ನಾದಿ, ಉಳಿದ 20ನ್ನು ಚಮಚ ಚಮಚವಾಗಿ, ಬೇಕಾದರೆ ಮಾತ್ರ ಸೇರಿಸಿ.

ಸೊಪ್ಪು ಹಾಕುವ ಹೊತ್ತೂ ಮುಖ್ಯ. ಹತ್ತು ಹನ್ನೆರಡು ನಿಮಿಷ ಚೆನ್ನಾಗಿ ನಾದಿ, ಹಿಟ್ಟಿನ ಚಿಕ್ಕ ತುಂಡನ್ನು ನಾಲ್ಕೂ ಕಡೆ ಎಳೆದಾಗ ಹರಿಯದೆ ಬೆರಳಿನ ನೆರಳು ಕಾಣುವಷ್ಟು ತೆಳ್ಳಗಾಗಬೇಕು. ಈ ಪರೀಕ್ಷೆ ಸೊಪ್ಪಿಗಿಂತ ಮೊದಲೇ ಆಗಬೇಕು. ಎಲೆ ದಂಟು ಸೇರಿದ ಮೇಲೆ ಪದರ ಹರಿದೇ ಹರಿಯುತ್ತದೆ, ನಾದಿದ್ದು ಸಾಲದೆಂದು ನೀವು ತಪ್ಪು ತಿಳಿಯುತ್ತೀರಿ. ಆಮೇಲೆ ಹಿಟ್ಟನ್ನು ಚಪಾತಿ ದಪ್ಪಕ್ಕಿಂತ ನಾಲ್ಕರಷ್ಟು ದಪ್ಪಕ್ಕೆ ತಟ್ಟಿ, ಸೊಪ್ಪು ಹರಡಿ, ಸುರುಳಿ ಸುತ್ತಿ, ಮಡಚಿ, ಒಂದೆರಡು ನಿಮಿಷ ಮಾತ್ರ ನಾದಿ. ಈಗಾಗಲೇ ನೀರಾದ ಹಿಟ್ಟಿಗೆ ಮೈದಾ ಮೇಲಿಂದ ಮೇಲೆ ಉದುರಿಸಿದರೆ ರೋಲ್ ಒಣಕಲಾಗುತ್ತದೆ. ಬದಲಿಗೆ ಕೈಗೆ ಎಣ್ಣೆ ಸವರಿಕೊಂಡು, ಹಿಟ್ಟಿನ ಅಂಚು ಎಳೆದು ನಡುವಿಗೆ ಮಡಚಿ, ಇಪ್ಪತ್ತು ನಿಮಿಷ ಬಿಡಿ. ಹೀಗೆ ಮೂರು ಸಲ. ತಾನಾಗಿ ಬಿಗಿ ಬರುತ್ತದೆ.

ಯಾವ ಸೊಪ್ಪು ಎಂಬುದರಲ್ಲೂ ದೋಷ ಅಡಗಿದೆ. ದೊಡ್ಡಪತ್ರೆಯ ಎಲೆ ದಪ್ಪ, ರಸಭರಿತ, ಹಸಿಯಾಗಿ ಹೆಚ್ಚಿ ಹಾಕಿದರೆ ಹಿಟ್ಟು ಕೆಸರಾಗುತ್ತದೆ. ಅಷ್ಟೇ ಅಲ್ಲ, ಅದರ ಘಾಟು ಕೊಡುವ ಎಣ್ಣೆಗಳೇ ಯೀಸ್ಟಿನ ಕೈಕಾಲು ಕಟ್ಟುತ್ತವೆ. ಒರೆಗಾನೊ, ಥೈಮ್‌ಗಳಲ್ಲಿ ಇರುವುದೂ ಅದೇ ಬಗೆಯ ಎಣ್ಣೆ. 300 ಗ್ರಾಂ ಮೈದಾಕ್ಕೆ ನಾಲ್ಕೈದು ಎಲೆ ಸಾಕು, ಅದೂ ಬೆಣ್ಣೆಯಲ್ಲಿ ಬಾಡಿಸಿ, ಆರಿಸಿ. ಪುದೀನ ಹಸಿಯಾಗಿ ಹಾಕಿದರೆ ಬೆಂದ ಮೇಲೆ ಕಪ್ಪು ಕಸದಂತೆ ಕಾಣುತ್ತದೆ. ನೆರಳಲ್ಲಿ ಒಣಗಿಸಿದ್ದು ಮೇಲು. ನಮ್ಮ ಆಯ್ಕೆ ಕೇಳಿದರೆ ಹಿತ್ತಲಲ್ಲಿ, ತೋಟದ ಬದಿಯಲ್ಲಿ ತಾನೇ ಹುಟ್ಟುವ ಮುಳ್ಳಂಚಿನ ಉದ್ದೆಲೆಯ ಕಾಡು ಕೊತ್ತಂಬರಿ. ಊರ ಕೊತ್ತಂಬರಿಯ ಪರಿಮಳ ಓವನ್ನಿನಲ್ಲಿ ಅರ್ಧ ಹಾರಿಹೋಗುತ್ತದೆ, ಇದರದ್ದು ಉಳಿಯುತ್ತದೆ. ನಡು ನರ ತೆಗೆದು ಹೆಚ್ಚಿ, ಎಂಟು ಗ್ರಾಂ ಸಾಕು.

ಬೆಳ್ಳುಳ್ಳಿ ಹಾಕಿದ ದಿನ ಮಾತ್ರ ಎಡವಟ್ಟು

ಹಸಿ ಬೆಳ್ಳುಳ್ಳಿ ಜಜ್ಜಿ ಹಿಟ್ಟಿಗೆ ಹಾಕಿದ್ದೀರಿ. ಯೀಸ್ಟ್ ಒಂದು ಬಗೆಯ ಶಿಲೀಂಧ್ರ, ಜಜ್ಜಿದ ಬೆಳ್ಳುಳ್ಳಿಯಲ್ಲಿ ಹುಟ್ಟುವ ಆಲಿಸಿನ್‌ಗೆ ಶಿಲೀಂಧ್ರ ಕಂಡರೆ ಆಗುವುದಿಲ್ಲ. ಅದರ ಗಂಧಕದ ಸಂಯುಕ್ತಗಳು ಹಿಟ್ಟಿನ ಜಿಗುಟು ಬಲೆಯನ್ನೂ ಬಿಡಿಸುತ್ತವೆ, ಹಾಗಾಗಿ ಹಿಟ್ಟು ನಿಧಾನವೂ ಆಗುತ್ತದೆ, ಸಡಿಲವೂ ಆಗುತ್ತದೆ. ಮೂರೆಸಳನ್ನು ಸಣ್ಣಗೆ ಹೆಚ್ಚಿ, ಅಳತೆಯ 35 ಗ್ರಾಂ ಬೆಣ್ಣೆಯಲ್ಲೇ ಸಣ್ಣ ಉರಿಯಲ್ಲಿ ಎರಡು ನಿಮಿಷ ಬಾಡಿಸಿ. ಬಣ್ಣ ಬರಬಾರದು, ಹಸಿ ವಾಸನೆ ಹೋದರೆ ಆಯಿತು. ಆ ಬೆಣ್ಣೆ ಆರಿ ಮತ್ತೆ ಮಂದವಾದ ಮೇಲೆ ಹಿಟ್ಟಿಗೆ ಸೇರಿಸಿ.

ನೆತ್ತಿ ಕೆಂಪು, ಹೊಟ್ಟೆ ಹಸಿ

ಬೆಂದಿದೆಯೇ ಎಂದು ಬಣ್ಣ ನೋಡಿ ತೀರ್ಮಾನಿಸುವುದೇ ತಪ್ಪು. ಹಾಲು ಸಕ್ಕರೆ ಇರುವ ಹಿಟ್ಟು ಬೇಗ ಕೆಂಪಾಗುತ್ತದೆ. ನಡುವಿನ ರೋಲಿಗೆ ಚುಚ್ಚುವ ಥರ್ಮಾಮೀಟರ್ ಹಾಕಿದಾಗ 88ರಿಂದ 90 ಡಿಗ್ರಿ ಬಂದರೆ ಬೆಂದಂತೆ. ಬ್ರೆಡ್ಡಿಗೆ 98 ಆಗಬೇಕು ಎಂದು ಕೆಲವು ಪಾಕವಿಧಾನಗಳಲ್ಲಿ ಬರೆದಿರುತ್ತದೆ. ಮಡಿಕೇರಿಯಲ್ಲಿ ಅದಕ್ಕೆ ಕಾದರೆ ರೋಲ್ ರಸ್ಕ್ ಆಗುತ್ತದೆ, ನೀರೇ 96ಕ್ಕೆ ಕುದಿಯುವಾಗ ಒದ್ದೆ ತಿರುಳು 98 ಮುಟ್ಟುವುದಾದರೂ ಹೇಗೆ?

ಓಟಿಜಿಯಲ್ಲಿ (ಕಟ್ಟೆಯ ಮೇಲಿಡುವ ಸಣ್ಣ ಕರೆಂಟ್ ಓವನ್) ಮೇಲಿನ ರಾಡ್ ರೋಲಿಗೆ ತೀರ ಹತ್ತಿರ. ಜಾಲರಿಯನ್ನು ನಡುವಿಗಿಂತ ಒಂದು ಮೆಟ್ಟಿಲು ಕೆಳಗೆ ಇಡಿ. ಹನ್ನೆರಡನೇ ನಿಮಿಷಕ್ಕೇ ನೆತ್ತಿ ಕೆಂಪಾದರೆ ಫಾಯಿಲ್ ಹಾಳೆಯನ್ನು ಸಡಿಲವಾಗಿ ಮುಚ್ಚಿ. ತಳ ಮಾತ್ರ ಅಂಟಂಟಾದರೆ ಕೆಳಗಿನ ರಾಡ್ ಬಿಸಿಯಾಗುತ್ತಿದೆಯೇ ನೋಡಿ, ಗಾಜಿನ ಟ್ರೇ ಬಿಟ್ಟು ತೆಳು ಅಲ್ಯೂಮಿನಿಯಂ ಟ್ರೇಗೆ ಬನ್ನಿ.

ಇದೆಲ್ಲ ಸರಿಯಿದ್ದೂ ಅರ್ಧ ಗಂಟೆಯಾದರೂ ಬಿಳುಚಿಕೊಂಡೇ ಇದ್ದರೆ ವೋಲ್ಟೇಜ್ ಕಡೆ ತಿರುಗಿ. ರಾಡಿನ ಶಾಖ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ ಲೆಕ್ಕಕ್ಕೆ) ತಕ್ಕಂತೆ ಇಳಿಯುತ್ತದೆ. 230 ವೋಲ್ಟಿನಲ್ಲಿ 1500 ವ್ಯಾಟ್ ಕೊಡುವ ಓವನ್, ಲೈನು 180ಕ್ಕೆ ಕುಸಿದರೆ ಕೊಡುವುದು ಸುಮಾರು 920 ವ್ಯಾಟ್ ಮಾತ್ರ. ಗುಂಡಿ 180 ಡಿಗ್ರಿ ತೋರಿಸುತ್ತಲೇ ಇರುತ್ತದೆ, ಒಳಗೆ 140 ಇದ್ದರೂ ಇರಬಹುದು. ಉಷ್ಣತೆ ಮುಟ್ಟಿದಾಗ ಆರುವ ದೀಪ ನಿಮ್ಮ ಓವನ್ನಿಗಿದ್ದರೆ, ಇಪ್ಪತ್ತು ನಿಮಿಷವಾದರೂ ಅದು ಆರಿಲ್ಲ ಎಂಬುದೇ ಸುಳಿವು. ಒಳಗಿಡುವ ಓವನ್ ಥರ್ಮಾಮೀಟರ್ ತರಿಸಿಕೊಳ್ಳುವುದು ಇನ್ನೂ ಖಾತ್ರಿ. ಸಂಜೆ ಏಳರಿಂದ ಒಂಬತ್ತರ ಲೋಡ್ ಹೊತ್ತು ಬಿಟ್ಟು ಮಧ್ಯಾಹ್ನವೇ ಬೇಯಿಸಿಟ್ಟು ರಾತ್ರಿ ಬಿಸಿ ಮಾಡಿಕೊಳ್ಳಿ. ಫ್ರಿಜ್ಜಿನ ಸ್ಟೆಬಿಲೈಜರಿಗೆ ಓವನ್ ಸಿಕ್ಕಿಸಬೇಡಿ. ಅದು ಈ ಭಾರ ಹೊರುವಂಥದ್ದಲ್ಲ.

ಉಬ್ಬಿತು, ಆಮೇಲೆ ಕುಸಿಯಿತು

ಮಾರ್ಚ್, ಏಪ್ರಿಲ್‌ನ ದೂರು. ಮಡಿಕೇರಿಯ ಎತ್ತರದಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇಕಡ 12–13 ಕಮ್ಮಿ, ಹಿಟ್ಟಿನೊಳಗಿನ ಅನಿಲ ಅಷ್ಟು ಸಲೀಸಾಗಿ ಹಿಗ್ಗುತ್ತದೆ. ಮಳೆಗಾಲದಲ್ಲಿ ಚಳಿ ಇದನ್ನು ತಡೆದು ಹಿಡಿಯುತ್ತದೆ, ಬೇಸಿಗೆಯಲ್ಲಿ ತಡೆಯುವವರಿಲ್ಲ. ಆಗ ಯೀಸ್ಟ್ 4 ಗ್ರಾಮಿಗೆ ಇಳಿಸಿ. ಉಂಡೆ ಕಟ್ಟಿದ ಮೇಲಿನ ಎರಡನೇ ಉಬ್ಬಿನಲ್ಲಿ ಒಣ ಮೈದಾ ಮುಟ್ಟಿಸಿದ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ: ಗುಳಿ ತಟ್ಟನೆ ಎದ್ದು ಬಂದರೆ ಇನ್ನೂ ಹೊತ್ತಿದೆ, ನಿಧಾನವಾಗಿ ಅರ್ಧ ಬಂದು ನಿಂತರೆ ಓವನ್ನಿಗೆ, ಹಾಗೇ ಉಳಿದರೆ ಮಿತಿ ಮೀರಿದೆ. ಮಿತಿ ಮೀರಿದ್ದನ್ನು ಹಾಗೇ ಬೇಯಿಸಬೇಡಿ. ಗಾಳಿ ತೆಗೆದು ಮತ್ತೆ ಉಂಡೆ ಕಟ್ಟಿ, ಈ ಸಲ ಬೇಗ ಏಳುತ್ತದೆ. ಬಣ್ಣ ಸ್ವಲ್ಪ ಮಂಕಾಗಬಹುದು.

ಹೋಂಸ್ಟೇಗೆಂದು ಎರಡು ಟ್ರೇ ಮಾಡುವವರಲ್ಲಿ ಎರಡನೇ ಟ್ರೇ ಕುಸಿಯುವುದು ಇದೇ ಕಾರಣಕ್ಕೆ, ಮೊದಲನೆಯದು ಬೇಯುವಷ್ಟರಲ್ಲಿ ಅದು ಹದ ದಾಟಿರುತ್ತದೆ. ಎರಡನ್ನೂ ಒಟ್ಟಿಗೆ ಒಳಗೆ ತುರುಕಿದರೆ ಎರಡೂ ಸರಿಯಾಗಿ ಬೇಯುವುದಿಲ್ಲ. ಎರಡನೇ ಟ್ರೇಯ ಉಂಡೆ ಇಪ್ಪತ್ತೈದು ನಿಮಿಷ ತಡವಾಗಿ ಕಟ್ಟಿ. ಮಳೆಗಾಲವಾದರೆ ಮುಚ್ಚಿ ಜಗಲಿಯಲ್ಲಿಟ್ಟರೂ ಆಯಿತು, ಅಲ್ಲಿಯ ತಂಪೇ ಸಾಕು.

ಬೇಯುವಾಗ ಕರೆಂಟು ಹೋಯಿತು

ಹದಿನೈದು ನಿಮಿಷ ದಾಟಿದ್ದರೆ ಬಾಗಿಲು ತೆಗೆಯಬೇಡಿ, ಉಳಿದ ಶಾಖದಲ್ಲಿ ಹತ್ತು ನಿಮಿಷ ಬಿಟ್ಟು ಥರ್ಮಾಮೀಟರ್ ಚುಚ್ಚಿ. ಅದಕ್ಕೂ ಮೊದಲು ಹೋದರೆ ಓಟಿಜಿಯ ತೆಳು ಗೋಡೆ ಬಿಸಿ ಹಿಡಿದಿಡುವುದಿಲ್ಲ, ಗ್ಯಾಸಿಗೆ ಬನ್ನಿ. ದಪ್ಪ ತಳದ ಅಗಲ ಪಾತ್ರೆಯೊಳಗೆ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಹತ್ತು ನಿಮಿಷ ಬರಿದಾಗಿ ಕಾಯಿಸಿ, ಟ್ರೇ ಇಳಿಸಿ. ನೀರು ಹಾಕಬೇಡಿ, ಹಾಕಿದರೆ ಅದು ಕಡುಬಾಗುತ್ತದೆ. ಉರಿ ಸಣ್ಣದಿರಲಿ. ನೆತ್ತಿ ಬಿಳಿಯಾಗಿ ಉಳಿದರೆ ಬೆಣ್ಣೆ ಸವರಿದ ಕಾವಲಿಯ ಮೇಲೆ ಒಂದು ನಿಮಿಷ ಬೋರಲು ಹಾಕಿ. ಮಳೆಗಾಲದಲ್ಲಿ ಈ ಪಾತ್ರೆಯನ್ನು ಮೊದಲೇ ಒಲೆಯ ಪಕ್ಕ ಹೊಂದಿಸಿಟ್ಟುಕೊಂಡಿರುವುದು ಜಾಣತನ.

ಮಾರನೇ ದಿನದ ದೋಷಗಳು

ತಳ ಒದ್ದೆ, ಮೈ ಸುಕ್ಕು: ಟ್ರೇಯಲ್ಲೇ ಆರಲು ಬಿಟ್ಟಿದ್ದೀರಿ. ಐದು ನಿಮಿಷಕ್ಕೆ ತೆಗೆದು ಜಾಲರಿಯ ಮೇಲಿಡಿ. ಸೊಪ್ಪು ಸುಟ್ಟು ಕಹಿ: ಬೇಯುವ ಮುಂಚೆ ಮೇಲೆ ಉದುರಿಸಿದ್ದು. ಅಲಂಕಾರದ ಸೊಪ್ಪನ್ನು ಬೆಂದ ಮೇಲೆ ಕರಗಿದ ಬೆಣ್ಣೆಯೊಂದಿಗೆ ಸವರಿ. ಗಟ್ಟಿ: ಗೋಧಿಹಿಟ್ಟು ಬೆರೆಸಿದ್ದರೆ ಕಾಲು ಪಾಲು, ಅಂದರೆ 75 ಗ್ರಾಂ ಮೀರಬೇಡಿ.

ಬೂಷ್ಟು ಬಂದರೆ ಬೆಚ್ಚಗಿರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದ್ದೀರಿ ಎಂದರ್ಥ. ಒಳಗೆ ಆವಿ ಕೂತು, ಹಸಿ ಸೊಪ್ಪಿನ ತೇವವೂ ಸೇರಿ, ಕಕ್ಕಡದ (ಜುಲೈ–ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಎರಡು ದಿನ ಉಳಿದರೆ ಹೆಚ್ಚು. ಬೂಷ್ಟು ಕಂಡ ರೋಲನ್ನು ಆ ಭಾಗ ಕಿತ್ತು ತಿನ್ನುವುದೂ ಬೇಡ, ಎಲ್ಲವನ್ನೂ ಎಸೆಯಿರಿ. ಫ್ರಿಜ್ಜಿನಲ್ಲಿಟ್ಟರೆ ಬೂಷ್ಟು ತಡವಾಗುತ್ತದೆ, ರೋಲ್ ಮಾತ್ರ ಬೇಗ ಬಿರುಸಾಗುತ್ತದೆ. ಉಳಿಯುತ್ತದೆ ಅನ್ನಿಸಿದ್ದನ್ನು ಪೂರ್ತಿ ಆರಿಸಿ, ಚೀಲದ ಗಾಳಿ ಒತ್ತಿ ತೆಗೆದು ಅಂದೇ ಫ್ರೀಜರಿಗೆ ಹಾಕಿ. ಬೇಕಾದಾಗ ಒಂದು ಗಂಟೆ ಹೊರಗಿಟ್ಟು, ಮೇಲೆ ಎರಡು ಹನಿ ನೀರು ಚಿಮುಕಿಸಿ, ಫಾಯಿಲ್ ಸುತ್ತಿ, 150 ಡಿಗ್ರಿಯಲ್ಲಿ ಎಂಟು ನಿಮಿಷ.